ಬಂಡೆಯ ಎತ್ತಿನಿಂದ ಕ್ಯಾನ್ವಾಸಿಗೆ: ಬಳ್ಳಾರಿ ಸೀಮೆಯ ಚಿತ್ರಮೂಲಗಳು

ಚಿತ್ರಪ್ರದರ್ಶನ ನಡೆದ ಕಡೆಯಲ್ಲೆಲ್ಲ ಕಲಾವಿದರಿಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: 'ಈ ಚಿತ್ರಕ್ಕೆ ಸ್ಫೂರ್ತಿ ಏನು?' ಕೇಳುವವರಿಗೆ ಇದು ಸರಳ ಪ್ರಶ್ನೆ; ಉತ್ತರಿಸುವವರಿಗೆ ಅಷ್ಟು ಸರಳವಲ್ಲ. ಒಬ್ಬರು ಗುರುವಿನ ಹೆಸರು ಹೇಳಿದರೆ ಮತ್ತೊಬ್ಬರು ಊರ ಜಾತ್ರೆಯನ್ನೋ ಅಜ್ಜಿ ಹೊಲಿದ ಕೌದಿಯನ್ನೋ ನೆನೆಯುತ್ತಾರೆ. ಇನ್ನು ಕೆಲವರು ಮುಗುಳ್ನಕ್ಕು ಸುಮ್ಮನಾಗುತ್ತಾರೆ. ಸ್ಫೂರ್ತಿ ಎಂದರೆ ಆಕಾಶದಿಂದ ಇಳಿಯುವ ಮಿಂಚು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿರುವುದರಿಂದ, ಅದು ನೆಲದಿಂದಲೂ ಏಳಬಹುದು ಎಂಬ ಮಾತು ಹಿಂದೆ ಬಿದ್ದಿದೆ.

ಬಿಸಿಲು, ಬಂಡೆ, ಗಣಿಧೂಳುಗಳಿಗೆ ಹೆಸರಾದ ಬಳ್ಳಾರಿ ಸೀಮೆಯನ್ನು ಈ ಪ್ರಶ್ನೆಗೆ ಒಡ್ಡಿ ನೋಡುವುದು ಉಪಯುಕ್ತ. ಮುಂಬಯಿ, ಬೆಂಗಳೂರು, ಮೈಸೂರುಗಳಂತೆ ಇಲ್ಲಿ ದೊಡ್ಡ ಕಲಾಶಾಲೆಗಳ ಪರಂಪರೆ ಇಲ್ಲ. ಗ್ಯಾಲರಿಗಳ ಸಾಲೂ ಇಲ್ಲ. ಆದರೆ ಚಿತ್ರಕಾರನಿಗೆ ಬೇಕಾದ ಮೂಲದ್ರವ್ಯ, ಅಂದರೆ ರೇಖೆ, ಬಣ್ಣ, ಆಕಾರ, ಬೆಳಕುಗಳ ಮಾದರಿ, ಬಳ್ಳಾರಿ ನಗರದಿಂದ ಸಿರುಗುಪ್ಪ, ಕುರುಗೋಡು, ಸಂಡೂರುಗಳವರೆಗೆ ಹರಡಿಕೊಂಡಿದೆ. ಅದರ ಒಂದು ಭಾಗಕ್ಕೆ ಸಾವಿರಾರು ವರ್ಷಗಳ ವಯಸ್ಸು.

ಕುಪಗಲ್ಲಿನ ಎತ್ತು

ಬಳ್ಳಾರಿ ನಗರದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು ಮತ್ತು ಕುಪಗಲ್ಲು ಗ್ರಾಮಗಳಿವೆ. ಅಲ್ಲಿಯ ಹಿರೇಗುಡ್ಡ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ ಸ್ಥಳ. ಕಣಶಿಲೆಯ ಗುಡ್ಡದ ನಡುವೆ ಕರಿಯ ಡಾಲರೈಟ್ ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಕೊಡಲಿಗೆ ಕಲ್ಲು ಒದಗಿಸಿದ್ದು ಇದೇ ಶಿಲೆ. ಚಿತ್ರಗಳಿರುವುದೂ ಇದೇ ಶಿಲೆಯ ಮೇಲೆ. ಉದ್ದ ಕೊಂಬಿನ, ಇಣಿ ಎದ್ದ ಎತ್ತುಗಳು, ಕೈಕೈ ಹಿಡಿದು ಸಾಲಾಗಿ ನಿಂತ ಮನುಷ್ಯರು, ಇನ್ನೂ ಅನೇಕ ಆಕೃತಿಗಳು ನೂರಾರು ಸಂಖ್ಯೆಯಲ್ಲಿವೆ. ಇವುಗಳಲ್ಲಿ ಎತ್ತಿನದೇ ಮೇಲುಗೈ.

ಈ ಚಿತ್ರಗಳಿಗೆ ಬಣ್ಣವಿಲ್ಲ, ಕುಂಚವಿಲ್ಲ. ಬಿಸಿಲು ಮಳೆಗೆ ಮೈ ಒಡ್ಡಿದ ಡಾಲರೈಟ್ ಬಂಡೆಯ ಮೇಲ್ಮೈ ಕಪ್ಪುಗಟ್ಟುತ್ತದೆ. ಗಟ್ಟಿ ಕಲ್ಲಿನಿಂದ ಅದನ್ನು ಕುಟ್ಟಿದರೆ ಮೇಲಿನ ಪದರ ಉದುರಿ ಒಳಗಿನ ತಿಳಿ ಬಣ್ಣ ಕಾಣಿಸುತ್ತದೆ. ಹೀಗೆ ಕುಟ್ಟಿ ಕುಟ್ಟಿ ಮೂಡಿಸಿದ ಆಕೃತಿಯೇ ಚಿತ್ರ. ಕಾಲ ಕಳೆದಂತೆ ಕುಟ್ಟಿದ ಜಾಗವೂ ಮತ್ತೆ ಕಪ್ಪಾಗುತ್ತ ಹೋಗುತ್ತದೆ. ಹಾಗಾಗಿ ಒಂದೇ ಬಂಡೆಯ ಮೇಲೆ ಮಬ್ಬಾದ ಚಿತ್ರ ಹಳೆಯದು, ಬೆಳ್ಳಗೆ ಎದ್ದು ಕಾಣುವುದು ಈಚಿನದು ಎಂದು ಸ್ಥೂಲವಾಗಿ ಹೇಳಬಹುದು. ನವಶಿಲಾಯುಗದಲ್ಲಿ ತೊಡಗಿದ ಈ ಕುಟ್ಟುವ ಕೆಲಸ ಅನಂತರದ ಕಾಲಗಳಲ್ಲೂ ಮುಂದುವರಿದಿರುವುದು ಹೀಗೆಯೇ ತಿಳಿದುಬರುತ್ತದೆ.

ಈ ಚಿತ್ರಗಳ ಸುದ್ದಿ ವಿದ್ವತ್ ಲೋಕಕ್ಕೆ ಮೊದಲು ಮುಟ್ಟಿದ್ದು 1892ರಲ್ಲಿ. ಜಿಲ್ಲೆಯಲ್ಲಿದ್ದ ಬ್ರಿಟಿಷ್ ಅಧಿಕಾರಿ ಹ್ಯೂಬರ್ಟ್ ನಾಕ್ಸ್ ಇವನ್ನು ಗುರುತಿಸಿದರು. ಮದರಾಸು ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಅವುಗಳ ಬಗ್ಗೆ ಬರೆದರು. ಕೇರಳದ ಎಡಕ್ಕಲ್ ಗುಹೆಯ ಕೆತ್ತನೆಗಳನ್ನು ಹೊರಜಗತ್ತಿಗೆ ಪರಿಚಯಿಸಿದವರೂ ಇದೇ ಫಾಸೆಟ್. ಬಹುಕಾಲ ಮರೆವಿಗೆ ಸಂದ ಕುಪಗಲ್ಲು ಮತ್ತೆ ದೊಡ್ಡ ಸುದ್ದಿಯಾದದ್ದು 2004ರಲ್ಲಿ. ಪುರಾತತ್ವ ಸಂಶೋಧಕಿ ನಿಕೋಲ್ ಬೊಯ್ವಿನ್ ಅಲ್ಲಿಯ ಚಿತ್ರಗಳ ಜೊತೆಗೆ ಇನ್ನೊಂದು ವಿಷಯವನ್ನೂ ದಾಖಲಿಸಿದರು. ಅಲ್ಲಿಯ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳಿದ್ದು, ಅವನ್ನು ಕಲ್ಲಿನಿಂದ ಬಡಿದರೆ ಗಂಟೆ ಬಾರಿಸಿದಂಥ ನಾದ ಹೊರಡುತ್ತದೆ. ಕೆಲವು ಚಿತ್ರಗಳಂತೂ ಸುಲಭವಾಗಿ ಕೈಗೆಟುಕದ ಜಾಗದಲ್ಲಿವೆ. ಚಾಚಿದ ಬಂಡೆಯಿಂದ ಜೋತುಬಿದ್ದಲ್ಲದೆ ಅವನ್ನು ಕುಟ್ಟಿರಲಾರರು.

ಇಂದಿನ ಚಿತ್ರಕಾರ ಗಮನಿಸಬೇಕಾದದ್ದು ಇಲ್ಲಿದೆ. ಕುಪಗಲ್ಲಿನಲ್ಲಿ ಚಿತ್ರ ಬಿಡಿಸುವುದೆಂದರೆ ಗುಡ್ಡ ಏರುವುದು, ಮೈ ಬಗ್ಗಿಸುವುದು, ಕಲ್ಲಿನ ಸದ್ದು ಕೇಳುವುದು ಎಲ್ಲವೂ ಸೇರಿದ ಒಂದು ಕ್ರಿಯೆಯಾಗಿತ್ತು. ನೋಡುವವರಿಗಾಗಿ ಮಾಡಿದ ವಸ್ತು ಎನ್ನುವುದಕ್ಕಿಂತ, ಮಾಡುವುದರಲ್ಲೇ ಅರ್ಥವಿದ್ದ ಕೆಲಸ ಅದು ಎಂದು ಸಂಶೋಧಕರು ಊಹಿಸುತ್ತಾರೆ.

ಎತ್ತೇ ಏಕೆ?

ಉತ್ತರ ಬಳ್ಳಾರಿ–ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿದೆ. ಅಲ್ಲಿಯ ಬೂದಿದಿಬ್ಬವನ್ನು ಜನ ರಾಕ್ಷಸನ ಚಿತೆಯ ಬೂದಿ ಎಂದು ಹೇಳುತ್ತ ಬಂದರು. ದಕ್ಷಿಣ ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದ ರಾಬರ್ಟ್ ಬ್ರೂಸ್ ಫೂಟ್, ಇಂಥ ದಿಬ್ಬಗಳು ಸುಟ್ಟ ಸಗಣಿಯವು ಎಂದು ಊಹಿಸಿದ್ದರು. ಮುಂದಿನ ಪರೀಕ್ಷೆಗಳು ಅದನ್ನು ದೃಢಪಡಿಸಿದವು. ಅಂದರೆ ಇಲ್ಲಿದ್ದವರು ದನಗಾಹಿಗಳು. ದನವೇ ಅವರ ಆಸ್ತಿ, ಅನ್ನ, ಬಹುಶಃ ದೈವ. ಯಾವುದರ ಸುತ್ತ ಬದುಕು ಸುತ್ತುತ್ತಿತ್ತೋ ಅದೇ ಬಂಡೆಯ ಮೇಲೂ ಬಂತು.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಇದೇ ಕಥೆ. ಎಂ.ಎಸ್. ನಾಗರಾಜರಾವ್ ಅವರು 1963–64ರಲ್ಲಿ ಅಲ್ಲಿ ಉತ್ಖನನ ನಡೆಸಿ ಗುಡ್ಡದ ಮೇಲೆ ಬದುಕಿದ್ದ ನವಶಿಲಾಯುಗದ ಜನರ ನೆಲೆಗಳನ್ನು ಬೆಳಕಿಗೆ ತಂದರು. ಅಲ್ಲಿಯ ಬಂಡೆಗಳಲ್ಲಿ ಕುಟ್ಟಿದ ಆಕೃತಿಗಳ ಜೊತೆಗೆ ಬಣ್ಣದ ಚಿತ್ರಗಳೂ ಇವೆ.

ಭಾರತದ ಬಂಡೆಚಿತ್ರಗಳಲ್ಲಿ ಎಲ್ಲೆಡೆ ಹೆಚ್ಚಾಗಿ ಕಾಣುವ ಕೆಂಪು ಕಬ್ಬಿಣದ ಅದಿರಿನಿಂದ ಬಂದದ್ದು. ಹೆಮಟೈಟ್ ಎಂಬ ಅದಿರನ್ನು ಅರೆದರೆ ಮಾಸದ ಕೆಂಪು ಸಿಗುತ್ತದೆ. ಹಳ್ಳಿಯ ಗೋಡೆಗೆ ಬಳಿಯುವ ಜಾಜು, ಗುಡಿಯ ಗೋಡೆಯ ಕೆಮ್ಮಣ್ಣಿನ ಪಟ್ಟೆ ಇವೂ ಅದೇ ವಂಶದವು. ಬಳ್ಳಾರಿ ಸೀಮೆಯಿಂದ ಲಾರಿಗಟ್ಟಲೆ ಹೊರಹೋದ ಅದಿರು ಇದೇ ಹೆಮಟೈಟ್. ಮಿತಿಮೀರಿದ ಗಣಿಗಾರಿಕೆಯ ಕಾರಣ 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿ ಕೆಲಸವನ್ನು ತಡೆಹಿಡಿದಾಗ ದೇಶವೆಲ್ಲ ಈ ಕೆಂಪು ಮಣ್ಣಿನ ಬೆಲೆಯನ್ನು ಲೆಕ್ಕ ಹಾಕಿತು. ಅದು ಮನುಷ್ಯ ಕೈಗೆತ್ತಿಕೊಂಡ ಮೊದಲ ಬಣ್ಣಗಳಲ್ಲಿ ಒಂದು ಎಂಬುದು ಆ ಲೆಕ್ಕದಲ್ಲಿ ಸೇರಲಿಲ್ಲ.

ಕುರುಗೋಡಿನ ಬಸವ, ಮನೆಯ ಮಣ್ಣೆತ್ತು

ಬಂಡೆಯ ಮೇಲೆ ಗೆರೆಯಾಗಿದ್ದ ಎತ್ತು ಕುರುಗೋಡಿನಲ್ಲಿ ಬೃಹತ್ ಗಾತ್ರವಾಗಿ ಕುಳಿತಿದೆ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಹಳೆಯ ಗುಡಿಗಳು ಹಲವು. ಜನರನ್ನು ಸೆಳೆಯುವುದು ಮಾತ್ರ ದೊಡ್ಡಬಸವೇಶ್ವರ. ಸುಮಾರು 12 ಅಡಿ ಎತ್ತರದ ಏಕಶಿಲೆಯ ನಂದಿ ಇದು. ಸಾಮಾನ್ಯವಾಗಿ ಶಿವನ ಎದುರು ಕುಳಿತು ಕಾಯುವ ನಂದಿ ಇಲ್ಲಿ ತಾನೇ ಪೂಜೆ ಕೊಳ್ಳುವ ದೇವರು. ಅವನ ಹೆಸರಲ್ಲೇ ತೇರು, ಜಾತ್ರೆ.

ಎತ್ತಿನ ಪಯಣ ಗುಡಿಗೆ ಮುಗಿಯುವುದಿಲ್ಲ. ಕಾರಹುಣ್ಣಿಮೆಗೆ ಈ ಭಾಗದ ರೈತರು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲ ಹೊದಿಸಿ ಮೆರೆಸುತ್ತಾರೆ. ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಕೆರೆಯ ಜಿಗುಟು ಮಣ್ಣಿನಿಂದ ಎತ್ತಿನ ಜೋಡಿ ಮಾಡಿ ಪೂಜಿಸುತ್ತಾರೆ. ಮೂರು ಚಿಟಿಕೆ ಮಣ್ಣಿನಲ್ಲಿ ಇಣಿ, ಕೊಂಬು, ಗಂಗೆದೊಗಲು ಮೂಡಿಸುವ ಕೈಗಳಿಗೆ ಯಾವ ಕಲಾಶಾಲೆಯೂ ಪಾಠ ಹೇಳಿಲ್ಲ. ಎತ್ತಿನ ಲಕ್ಷಣ ಯಾವುದು, ಬಿಡಬಹುದಾದದ್ದು ಯಾವುದು ಎಂಬ ವಿವೇಕ ಅವಕ್ಕಿದೆ.

ಈ ವಿವೇಕಕ್ಕಾಗಿಯೇ ಆಧುನಿಕ ಕಲಾವಿದರು ಹೆಣಗಿದ್ದಾರೆ. ಪಾಬ್ಲೊ ಪಿಕಾಸೊ 1945ರ ಡಿಸೆಂಬರಿನಿಂದ 1946ರ ಜನವರಿಯವರೆಗೆ ಗೂಳಿಯೊಂದನ್ನು ಕಲ್ಲಚ್ಚಿನಲ್ಲಿ 11 ಹಂತಗಳಲ್ಲಿ ಬಿಡಿಸಿದ. ಆರಂಭದ ಹಂತಗಳಲ್ಲಿ ಮಾಂಸಖಂಡ ತುಂಬಿದ ಜೀವಂತ ಗೂಳಿ. ಕೊನೆಯದರಲ್ಲಿ ಕೆಲವೇ ಗೆರೆಗಳು. ಒಂದೊಂದೇ ವಿವರವನ್ನು ಕಳೆಯುತ್ತ ಹೋದ ಆತ ತಲುಪಿದ ಆ ಕೊನೆಯ ಹಂತಕ್ಕೂ ಕುಪಗಲ್ಲಿನ ಎತ್ತಿಗೂ ಇರುವ ಹೋಲಿಕೆ ಬೆರಗು ಹುಟ್ಟಿಸುತ್ತದೆ. ಪಿಕಾಸೊ ಕುಪಗಲ್ಲನ್ನು ಕಂಡವನಲ್ಲ. ಆದರೂ ಎರಡೂ ಕಡೆ ಕಣ್ಣು ಮಾಡಿದ ಕೆಲಸ ಒಂದೇ: ಪ್ರಾಣಿಯನ್ನು ನೋಡಿ ನೋಡಿ, ಕಡೆಗೆ ಉಳಿಯಲೇಬೇಕಾದದ್ದನ್ನು ಮಾತ್ರ ಉಳಿಸುವುದು.

ಸ್ಫೂರ್ತಿಗೂ ನಕಲಿಗೂ ಇರುವ ವ್ಯತ್ಯಾಸ ಇದರಿಂದ ಸ್ಪಷ್ಟವಾಗುತ್ತದೆ. ಬಂಡೆಚಿತ್ರದ ಎತ್ತನ್ನು ಹಾಗೆಯೇ ಎತ್ತಿ ಕ್ಯಾನ್ವಾಸಿನ ಮೂಲೆಗೆ ಅಂಟಿಸಿದರೆ ಅದು ಅಲಂಕಾರ. ಎತ್ತಿನಲ್ಲಿ ಏನನ್ನು ಬಿಟ್ಟಿದ್ದಾರೆ, ಏಕೆ ಬಿಟ್ಟಿದ್ದಾರೆ ಎಂದು ತಿಳಿದು, ಆ ಕ್ರಮದಲ್ಲಿ ಇಂದಿನ ಟ್ರ್ಯಾಕ್ಟರನ್ನೋ ಲಾರಿಯನ್ನೋ ಬಿಡಿಸಿದರೆ ಅದು ಸ್ಫೂರ್ತಿ. ಮೊದಲನೆಯದರಲ್ಲಿ ವಸ್ತು ಮಾತ್ರ ಬರುತ್ತದೆ, ಎರಡನೆಯದರಲ್ಲಿ ದೃಷ್ಟಿ ಬರುತ್ತದೆ. ಬಂಗಾಳದ ಜಾಮಿನಿ ರಾಯ್ ಯುರೋಪಿಯನ್ ತೈಲಚಿತ್ರದ ಶೈಲಿಯನ್ನು ಕೈಬಿಟ್ಟು ಹಳ್ಳಿಯ ಪಟಚಿತ್ರದ ಕಡೆ ತಿರುಗಿದಾಗ ಮಾಡಿದ್ದೂ ಇದನ್ನೇ. ಅವರು ಪಟುವಾಗಳ ದಪ್ಪ ರೇಖೆಯನ್ನೂ ದೇಸಿ ಬಣ್ಣಗಳನ್ನೂ ತಮ್ಮದಾಗಿಸಿಕೊಂಡರು.

ತೊಗಲಿನ ಹಿಂದಿನ ದೀಪ

ಬಳ್ಳಾರಿ ಸೀಮೆಯ ಇನ್ನೊಂದು ಚಿತ್ರಮೂಲ ತೊಗಲುಗೊಂಬೆ. ಇದನ್ನು ರಂಗಕಲೆ ಎಂದು ಮಾತ್ರ ಎಣಿಸುವುದು ವಾಡಿಕೆ. ಆದರೆ ಗೊಂಬೆ ಪರದೆಗೆ ಬರುವ ಮುನ್ನ ಅದು ಚಿತ್ರ. ಹದ ಮಾಡಿ, ಹೆರೆದು, ಬೆಳಕು ತೂರುವಷ್ಟು ತೆಳುವಾಗಿಸಿದ ಚರ್ಮದ ಮೇಲೆ ರೇಖೆ ಎಳೆದು, ಒಡವೆ ವಸ್ತ್ರಗಳ ಜಾಗದಲ್ಲಿ ಸಣ್ಣ ರಂಧ್ರ ಕೊರೆದು, ಬಣ್ಣ ತುಂಬುತ್ತಾರೆ. ಹಿಂದೆ ದೀಪ ಹಿಡಿದಾಗ ಬಣ್ಣ ಹೊಳೆಯುತ್ತದೆ, ರಂಧ್ರಗಳು ಮಣಿಗಳಂತೆ ಮಿನುಗುತ್ತವೆ. ಕ್ಯಾನ್ವಾಸಿನ ಮೇಲಿನ ಬಣ್ಣ ಎದುರಿನ ಬೆಳಕಿನಿಂದ ಕಾಣುವಂಥದು, ತೊಗಲಿನ ಬಣ್ಣ ಹಿಂದಿನ ಬೆಳಕಿನಿಂದ. ಕಪ್ಪು ರೇಖೆಯ ನಡುವೆ ಬಣ್ಣವನ್ನು ಬಂಧಿಸುವ ಕ್ರಮ ಇದರಿಂದಲೇ ಅನಿವಾರ್ಯವಾಯಿತು.

ತೊಗಲುಗೊಂಬೆಯ ಇನ್ನೊಂದು ಪಾಠ ಅಳತೆಯದು. ಕರ್ನಾಟಕದ ಗೊಂಬೆಗಳಲ್ಲಿ ರಾಜರು, ದೇವತೆಗಳು ದೊಡ್ಡವರು. ಸೇವಕರು, ಸಾಮಾನ್ಯರು ಚಿಕ್ಕವರು. ಹತ್ತಿರದ್ದು ದೊಡ್ಡದು, ದೂರದ್ದು ಚಿಕ್ಕದು ಎಂಬ ಪಾಶ್ಚಾತ್ಯ ಯಥಾದರ್ಶನದ ನಿಯಮ ಇಲ್ಲಿಲ್ಲ. ಯಾರಿಗೆ ಎಷ್ಟು ಸ್ಥಾನ ಎಂಬುದೇ ಅಳತೆ. ಇಂದಿನ ಚಿತ್ರಕಾರ ಈ ನಿಯಮವನ್ನು ತಲೆಕೆಳಗಾಗಿಸಿ, ಸೇವಕನನ್ನು ದೊಡ್ಡದಾಗಿ ರಾಜನನ್ನು ಚಿಕ್ಕದಾಗಿ ಬರೆದರೆ ಒಂದೂ ಮಾತಿಲ್ಲದೆ ದೊಡ್ಡ ಮಾತನ್ನು ಹೇಳಿದಂತಾಗುತ್ತದೆ. ಹಳೆಯ ವ್ಯಾಕರಣ ಗೊತ್ತಿದ್ದವರಿಗೆ ಮಾತ್ರ ಅದನ್ನು ಮುರಿಯುವ ಬಗೆಯೂ ಗೊತ್ತಾಗುತ್ತದೆ.

ಬಳ್ಳಾರಿಯ ಬೆಳಗಲ್ಲು ವೀರಣ್ಣ ಈ ಕಲೆಗೆ ಹೊಸ ವಸ್ತು ತಂದವರು. ರಾಮಾಯಣ ಮಹಾಭಾರತಗಳಿಗೆ ಸೀಮಿತವಾಗಿದ್ದ ಗೊಂಬೆಗಳ ಸಾಲಿಗೆ ಸ್ವಾತಂತ್ರ್ಯ ಹೋರಾಟದ ಕಥನ ಮತ್ತು ಗಾಂಧೀಜಿಯ ಬದುಕನ್ನು ಸೇರಿಸಿದರು. ಕಿರೀಟ, ಭುಜಕೀರ್ತಿಗಳ ಅಲಂಕಾರಕ್ಕೆ ಒಗ್ಗಿದ ಶೈಲಿಯಲ್ಲಿ ಕನ್ನಡಕ, ಕೋಲು, ತುಂಡುಬಟ್ಟೆಯ ಮನುಷ್ಯನನ್ನು ಮೂಡಿಸುವುದು ಚಿತ್ರಕಲೆಯ ದೃಷ್ಟಿಯಿಂದಲೂ ಸವಾಲೇ. ಅವರು 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ನೆರೆಯ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರು ತೊಂಬತ್ತು ದಾಟಿದ್ದರು. ಕಲೆಗೆ ಗೌರವ ಸಿಗುವ ಹೊತ್ತಿಗೆ ಕಲಾವಿದರಿಗೆ ಎಷ್ಟು ವಯಸ್ಸಾಗಿರುತ್ತದೆ ಎಂಬುದಕ್ಕೂ ಇದು ನಿದರ್ಶನ.

ಲಂಬಾಣಿ ಬಣ್ಣ, ಎರಡು ಬಗೆಯ ಹೆಸರು

ಬಯಲುಸೀಮೆಯ ಬಣ್ಣ ಯಾವುದು ಎಂದರೆ ಬಹುಮಂದಿಗೆ ನೆನಪಾಗುವುದು ಲಂಬಾಣಿ ಉಡುಗೆ. ಕೆಂಪು, ನೀಲಿ, ಹಳದಿ ಬಟ್ಟೆಯ ತುಂಡುಗಳು, ಕನ್ನಡಿ ಚೂರು, ಕವಡೆ, ನಾಣ್ಯ. ಅವುಗಳ ನಡುವೆ ಎಡೆಬಿಡದ ಹೊಲಿಗೆ. ಸಂಡೂರಿನ ಕಲಾವಿದ ವಿ.ಟಿ. ಕಾಳೆ ಲಂಬಾಣಿ ಬದುಕನ್ನೇ ತಮ್ಮ ಚಿತ್ರಗಳ ಮುಖ್ಯ ವಸ್ತುವಾಗಿಸಿಕೊಂಡು ಹೆಸರಾದವರು. ಬೆಂಗಳೂರಿನ ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನು ಕಂಡು ಬರೆದ ಗಾಢ ಬಣ್ಣದ 'ಬಾದಾಮಿ' ಸರಣಿಯೂ ಇದೇ ಬಗೆಯ ನೋಟದ ಫಲ. ಉರಿಬಿಸಿಲಿನ ನಾಡಿನಲ್ಲಿ ತಿಳಿಬಣ್ಣ ಕಣ್ಣಿಗೆ ಕರಗಿಹೋಗುತ್ತದೆ, ಗಾಢ ಬಣ್ಣವೇ ನಿಲ್ಲುತ್ತದೆ ಎಂಬ ಸತ್ಯ ಈ ಚಿತ್ರಗಳಲ್ಲಿದೆ.

ಇಲ್ಲೊಂದು ಕಠಿಣ ಪ್ರಶ್ನೆಯೂ ಇದೆ. ಕ್ಯಾನ್ವಾಸಿನ ಮೂಲೆಯಲ್ಲಿ ಚಿತ್ರಕಾರನ ಸಹಿ ಇರುತ್ತದೆ. ಆತ ನೋಡಿ ಕಲಿತ ಕಸೂತಿಯ ಮೇಲೆ ಹೊಲಿದವಳ ಹೆಸರಿರುವುದಿಲ್ಲ. ಬಣ್ಣದ ಪಕ್ಕ ಬಣ್ಣ ಇಡುವ ನಿರ್ಧಾರವನ್ನು ಇಬ್ಬರೂ ಮಾಡುತ್ತಾರೆ. ಒಬ್ಬರದ್ದು ಕಲೆ, ಇನ್ನೊಬ್ಬರದ್ದು ಕಸುಬು ಎಂಬ ವಿಂಗಡಣೆ ಎಲ್ಲಿಂದ ಬಂತು? ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತದ್ದು ಈ ಅಂತರವನ್ನು ಸ್ವಲ್ಪ ಕಡಿಮೆ ಮಾಡಿತು. ಹಂಪಿಯಲ್ಲಿ 2023ರ ಜುಲೈನಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ ಮಹಿಳೆಯರ ಕಸೂತಿ ಪ್ರದರ್ಶನ ವಿಶ್ವದಾಖಲೆಗೆ ಸೇರಿತು. ಆದರೂ ಭೌಗೋಳಿಕ ಗುರುತು ಊರಿಗೆ, ಸಮುದಾಯಕ್ಕೆ ಸಲ್ಲುವಂಥದು. ವ್ಯಕ್ತಿಯ ಹೆಸರು ಅದರಲ್ಲಿ ಇಲ್ಲ. ಸ್ಫೂರ್ತಿಯ ಮೂಲವನ್ನು ಹೆಸರಿಡಿದು ನೆನೆಯುವುದು ಚಿತ್ರಕಾರರು ತೀರಿಸಬಹುದಾದ ಸಣ್ಣ ಋಣ.

ಸ್ಫೂರ್ತಿಯ ಹಿಂದಿನ ದುಡಿಮೆ

ಕರ್ನಾಟಕದ ಹಿರಿಯ ಕಲಾವಿದರ ಬದುಕು ನೋಡಿದರೆ ಸ್ಫೂರ್ತಿ ದುಡಿಮೆಯನ್ನು ಬೇಡುತ್ತದೆ ಎಂಬುದು ತಿಳಿಯುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911–1996) ಯಕ್ಷಗಾನದ ಊರಿನಿಂದ ಬಂದವರು. ಮುಂಬಯಿಯಲ್ಲಿ, ಪ್ಯಾರಿಸ್ಸಿನಲ್ಲಿ ಕಲಿತವರು. ರೇಖೆಯಲ್ಲಿ ಲಯ ತರಬೇಕೆಂದು ಅವರು ಕಥಕ್ ನೃತ್ಯವನ್ನೇ ಕಲಿತರು. ವೇದಿಕೆ ಏರಲು ಅಲ್ಲ. ದೇಹ ಲಯವನ್ನು ಹೇಗೆ ಹಿಡಿಯುತ್ತದೆಂದು ತಿಳಿಯಲು. ಅವರ 'ಹಾಡುವ ರೇಖೆ'ಗಳು ಖ್ಯಾತಿ ಪಡೆದದ್ದರ ಹಿಂದೆ ಈ ಕಾಲ್ಗೆಜ್ಜೆಯ ಅಭ್ಯಾಸವಿದೆ. ಎಸ್.ಜಿ. ವಾಸುದೇವ್ ಅವರ 'ವೃಕ್ಷ' ಸರಣಿಗೆ ದ.ರಾ. ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷ ಪ್ರೇರಣೆ. ಕವಿತೆಯ ಮರವನ್ನು ಅವರು ಚಿತ್ರಕ್ಕೆ ಅನುವಾದಿಸಲಿಲ್ಲ. ವರ್ಷಗಟ್ಟಲೆ ಅದನ್ನು ಬೆಳೆಸಿದರು.

ಕುಪಗಲ್ಲಿನಲ್ಲಿ ಕಲ್ಲು ಕುಟ್ಟಿದವನೂ ಕಥಕ್ ಕಲಿತ ಹೆಬ್ಬಾರರೂ ಒಂದು ವಿಷಯದಲ್ಲಿ ಸಮಾನರು. ಇಬ್ಬರೂ ಚಿತ್ರವನ್ನು ಕಣ್ಣಿನಿಂದ ಮಾತ್ರ ಕಲಿಯಲಿಲ್ಲ, ಮೈಯಿಂದ ಕಲಿತರು.

ಮೂಲವೇ ಒಣಗಿದರೆ?

ಇಷ್ಟೆಲ್ಲ ಇರುವ ಸೀಮೆಯಲ್ಲಿ ಆತಂಕಕ್ಕೂ ಕಾರಣಗಳಿವೆ. ಹಿರೇಗುಡ್ಡದ ಸುತ್ತ ನಡೆದ ಕಲ್ಲುಗಣಿಗಾರಿಕೆಯಿಂದ ಬಂಡೆಚಿತ್ರಗಳಿಗೆ ಹಾನಿಯಾಗಿರುವುದನ್ನು ಸಂಶೋಧಕರು 2004ರಲ್ಲೇ ದಾಖಲಿಸಿ ರಕ್ಷಣೆಗೆ ಒತ್ತಾಯಿಸಿದ್ದರು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ರೂಪುಗೊಂಡಿರುವುದು ಸಮಾಧಾನದ ಸಂಗತಿ. ಆದರೆ ಕಲ್ಲಿನ ಕೊಡಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದು, ಗುಡ್ಡದ ನೆತ್ತಿಯ ಎತ್ತನ್ನು ಇಡಲಾಗದು. ಛಾಯಾಚಿತ್ರ ಗೆರೆಯನ್ನು ಹಿಡಿದೀತು. ಏರುವ ದಾರಿ, ಬಂಡೆಯ ನಾದ, ಕೆಳಗೆ ಹಬ್ಬಿದ ಬಯಲು ಅದರಲ್ಲಿ ಬರುವುದಿಲ್ಲ. ಜಲ್ಲಿಯಾದ ಬಂಡೆ ಮತ್ತೆ ಬಂಡೆಯಾಗುವುದಿಲ್ಲ.

ತೊಗಲುಗೊಂಬೆಯದು ಬೇರೆ ಬಗೆಯ ಕಷ್ಟ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದ ಮೇಲೆ ಜಿಂಕೆಯ ಚರ್ಮ ಬಳಸುವಂತಿಲ್ಲ. ಅದು ಸರಿಯಾದ ಕ್ರಮವೇ. ಮೇಕೆಯ ಚರ್ಮದಲ್ಲೂ ಗೊಂಬೆ ಆಗುತ್ತದೆ. ಕೊರತೆ ಇರುವುದು ಕೊರೆಯುವ ಕೈಗಳದ್ದು. ರಾತ್ರಿಯಿಡೀ ಆಟ ನೋಡುವವರಿಲ್ಲದ ಕಡೆ ಹೊಸ ಗೊಂಬೆ ಮಾಡುವವರಾದರೂ ಏಕೆ ಉಳಿದಾರು?

ಚಿತ್ರಕಾರರು ಮೂಲದಿಂದ ಪಡೆದದ್ದನ್ನು ಮರಳಿಸಿದ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಬಂಡೆಚಿತ್ರಗಳನ್ನು 1957ರಲ್ಲಿ ಗುರುತಿಸಿದ ವಿ.ಎಸ್. ವಾಕಣಕರ್ ಪುರಾತತ್ವಜ್ಞರಷ್ಟೇ ಅಲ್ಲ, ಚಿತ್ರಕಾರರೂ ಹೌದು. ಚಿತ್ರ ಬಿಡಿಸಿದ ಕಣ್ಣಿಗೆ ಬಂಡೆಯ ಮೇಲಿನ ಮಸುಕು ಗೆರೆಯೂ ಚಿತ್ರವೆಂದು ಹೊಳೆಯಿತು. ಭೀಮ್‌ಬೇಟ್ಕಾ 2003ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು.

ಕುಪಗಲ್ಲು, ತೆಕ್ಕಲಕೋಟೆಗಳಿಗೂ ಅಂಥ ಕಣ್ಣುಗಳು ಬೇಕಾಗಿವೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಚಿತ್ರಕಲಾ ಶಿಕ್ಷಕರು ವರ್ಷಕ್ಕೊಮ್ಮೆ ಮಕ್ಕಳ ಕೈಗೆ ಕಾಗದ ಪೆನ್ಸಿಲು ಕೊಟ್ಟು ಗುಡ್ಡ ಹತ್ತಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮಕ್ಕಳಿಗೆ ರೇಖೆಯ ಪಾಠವಾಗುತ್ತದೆ. ಯಾವ ಬಂಡೆಯ ಮೇಲೆ ಯಾವ ಎತ್ತು ಇತ್ತು ಎಂಬುದಕ್ಕೆ ಊರಿನಲ್ಲೇ ದಾಖಲೆ ಉಳಿಯುತ್ತದೆ. ಬಂಡೆ ಒಡೆಯಲು ಯಾರಾದರೂ ಬಂದಾಗ, ಅದನ್ನು ಒಮ್ಮೆಯಾದರೂ ಬಿಡಿಸಿದ ಹುಡುಗ ಹುಡುಗಿಯರು ಸುಮ್ಮನಿರುವುದು ಕಷ್ಟ.